ನಮ್ಮ ನಂತರ ಯಾರು? ಕ್ಲೀವ್‌ಲ್ಯಾಂಡಿನ ಯಹೂದಿ ಸಮಾಜ ತನ್ನ ಕಿರಿಯರನ್ನು ಅಣಿಗೊಳಿಸುವ ಬಗೆ



ವೈದ್ಯನನ್ನು ಕನ್ನಡ ಕೂಟದ ವೇದಿಕೆಗೆ ಕರೆದರೆ ರಕ್ತದೊತ್ತಡವನ್ನೋ ಸಕ್ಕರೆ ಕಾಯಿಲೆಯನ್ನೋ ಕುರಿತು ಮಾತನಾಡಿಯಾನೆಂದು ನಿರೀಕ್ಷಿಸುವುದು ಸಹಜ. ಇಂದು ಆ ವಿಷಯಗಳಿಗೆ ರಜೆ ಕೊಡೋಣ. ನಮ್ಮ ಸಮಾರಂಭಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗಲೆಲ್ಲ ಕಿವಿಗೆ ಬೀಳುವ ಒಂದು ಪ್ರಶ್ನೆಯಿದೆ: ನಮ್ಮ ನಂತರ ಇದನ್ನೆಲ್ಲ ನಡೆಸುವವರು ಯಾರು? 1970ರ ದಶಕದಲ್ಲಿ ಬಾಡಿಗೆಯ ಶಾಲಾ ಸಭಾಂಗಣಗಳಲ್ಲಿ ಯುಗಾದಿ ಆಚರಿಸಿ ಕೂಟಗಳನ್ನು ಕಟ್ಟಿದ ಹಿರಿಯರು ಈಗ ಎಂಬತ್ತರ ಅಂಚಿನಲ್ಲಿದ್ದಾರೆ. ಅವರ ಹಿಂದೆ ಬಂದ ನಮ್ಮ ತಲೆಗಳೂ ನರೆಯುತ್ತಿವೆ. ಇದೇ ಪ್ರಶ್ನೆಯನ್ನು ನಮಗಿಂತ ಬಹಳ ಮೊದಲೇ ಈ ದೇಶದಲ್ಲಿ ಎದುರಿಸಿದ ಒಂದು ವಲಸೆಗಾರ ಸಮಾಜ ಅದಕ್ಕೆ ಏನು ಮಾಡಿತು, ಎಲ್ಲಿ ಗೆದ್ದಿತು, ಎಲ್ಲಿ ಎಡವಿತು ಎಂಬುದನ್ನು ನಿಮ್ಮ ಮುಂದಿಡಬಯಸುತ್ತೇನೆ. ಆ ಸಮಾಜ ಯಹೂದಿಗಳದು. ಊರು ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್.

ಅಮೆರಿಕದ ಯಹೂದಿಗಳೆಂದರೆ ನ್ಯೂಯಾರ್ಕ್ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಮಹಾನಗರದ ಉದಾಹರಣೆ ನಮ್ಮಂಥವರಿಗೆ ಹೆಚ್ಚು ಉಪಯೋಗವಾಗದು. ಕ್ಲೀವ್‌ಲ್ಯಾಂಡಿನ ಯಹೂದಿ ಸಮಾಜದಲ್ಲಿರುವವರು ಸುಮಾರು 80,000 ಮಂದಿ. ಮನೆತನಗಳು ಒಂದನ್ನೊಂದು ಬಲ್ಲವು, ಜಗಳಗಳನ್ನೂ ಬಲ್ಲವು. ಇಷ್ಟು ಜನರ ನಡುವೆ ಮುಂದಾಳುಗಳು ತಾವಾಗಿಯೇ ಹುಟ್ಟಿಬರುವರೆಂದು ಕಾಯುತ್ತ ಕೂರಲಾಗದು. ಬೆಳೆ ಬೆಳೆದಂತೆ ಬೆಳೆಯಬೇಕು.

ಈ ಊರಿನ ಯಹೂದಿ ಚರಿತ್ರೆ ಒಂದು ಪತ್ರದಿಂದ ಆರಂಭವಾಗುತ್ತದೆ. 1839ರಲ್ಲಿ ಬವೇರಿಯಾದ ಉನ್‌ಸ್ಲೇಬನ್ ಎಂಬ ಹಳ್ಳಿಯಿಂದ ಚಿಕ್ಕದೊಂದು ತಂಡ ಕ್ಲೀವ್‌ಲ್ಯಾಂಡಿಗೆ ಹೊರಟಿತು. ಹಳ್ಳಿಯ ಉಪಾಧ್ಯಾಯ ಲಜಾರಸ್ ಕೋನ್ ಅವರ ಕೈಗೆ ಒಂದು ಬರಹವನ್ನಿತ್ತ. ಊರಿನಲ್ಲೇ ಉಳಿದವರ ಹೆಸರುಗಳು ಅದರಲ್ಲಿದ್ದುವು. ಸ್ವಾತಂತ್ರ್ಯದ ನಾಡಿನ ಆಕರ್ಷಣೆಯಲ್ಲಿ ಹಿರಿಯರ ಧರ್ಮವನ್ನು ಮರೆಯಬೇಡಿರೆಂಬ ವಿನಂತಿಯೂ ಇತ್ತು. ಆಲ್ಸ್‌ಬಾಕರ್ ದಸ್ತಾವೇಜು ಎಂದು ಹೆಸರಾದ ಆ ಕಾಗದ ಇಂದಿಗೂ ಉಳಿದಿದೆ. ವಿಮಾನ ಹತ್ತುವ ಮುನ್ನ ನಮ್ಮ ತಂದೆತಾಯಿಯರು ನಮಗೆ ಹೇಳಿದ್ದೂ ಹೆಚ್ಚುಕಡಮೆ ಅದನ್ನೇ ಅಲ್ಲವೆ?

ಬಂದವರು ಅದೇ ವರ್ಷ ಪ್ರಾರ್ಥನಾ ಸಂಘವೊಂದನ್ನು ಕಟ್ಟಿಕೊಂಡರು. ಎರಡೇ ವರ್ಷಗಳಲ್ಲಿ ಅದು ಒಡೆದು ಎರಡಾಯಿತು! ಕನ್ನಡ ಸಂಘಗಳನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಮುಂದೆ ಅನಾಥಾಲಯ, ವೃದ್ಧಾಶ್ರಮ, ಆಸ್ಪತ್ರೆ ಒಂದೊಂದಾಗಿ ಹುಟ್ಟಿದುವು. ಪ್ರತಿಯೊಂದಕ್ಕೂ ಬೇರೆ ಬೇರೆ ವಂತಿಗೆ; ಅದೇ ಮನೆಗಳ ಬಾಗಿಲಿಗೆ ಅದೇ ವಾರ ನಾಲ್ವರು ಬಂದು ನಿಲ್ಲುವ ಪರಿಸ್ಥಿತಿ. ಇದಕ್ಕೆ ಕಂಡುಕೊಂಡ ಪರಿಹಾರವೇ ಫೆಡರೇಷನ್. 1895ರಲ್ಲಿ ಬಾಸ್ಟನ್ ನಗರದಲ್ಲಿ ಮೊದಲು ಸ್ಥಾಪಿತವಾದ ಈ ಪದ್ಧತಿ 1903ರಲ್ಲಿ ಕ್ಲೀವ್‌ಲ್ಯಾಂಡಿಗೆ ಬಂದಿತು. ವರ್ಷಕ್ಕೊಮ್ಮೆ ಎಲ್ಲರ ಪರವಾಗಿ ಒಂದೇ ವಂತಿಗೆ ಎತ್ತುವುದು, ಬಳಿಕ ಸಮಿತಿಗಳಲ್ಲಿ ಕುಳಿತು ಯಾವ ಸಂಸ್ಥೆಗೆ ಎಷ್ಟೆಂದು ನಿರ್ಧರಿಸುವುದು, ಇದೇ ಅದರ ತಿರುಳು. ದುಡ್ಡನ್ನು ಕೂಡಿಸುವುದಕ್ಕೆಂದು ಹುಟ್ಟಿದ ಈ ವ್ಯವಸ್ಥೆ ಕಾಲಾನಂತರದಲ್ಲಿ ಮುಂದಾಳುಗಳನ್ನು ತಯಾರಿಸುವ ಗರಡಿಯೂ ಆಯಿತು. ಹೇಗೆಂದು ಹೇಳುವ ಮುನ್ನ ಮಕ್ಕಳಿಂದ ಆರಂಭಿಸಬೇಕು.

ಯಹೂದಿ ಬಾಲಕನಿಗೆ ಹದಿಮೂರು ತುಂಬಿದಾಗ ಬಾರ್ ಮಿಟ್ಜ್ವಾ ನಡೆಯುವುದನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಸಹೋದ್ಯೋಗಿಗಳ ಆಹ್ವಾನದ ಮೇರೆಗೆ ಹೋಗಿಯೂ ಇರಬಹುದು. ಔತಣ, ನೃತ್ಯ ಕಣ್ಣಿಗೆ ಕಾಣುವ ಭಾಗ. ಒಳಗಿನ ಅರ್ಥ ಬೇರೆ. ಆ ದಿನದಿಂದ ಅವನನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕರಿರಬೇಕೆಂಬುದು ಯಹೂದಿ ಕಟ್ಟಳೆ. ಒಂಬತ್ತು ಮಂದಿ ಪಂಡಿತರು ಕಾದು ಕುಳಿತಿದ್ದರೂ ಹತ್ತನೆಯವನಾಗಿ ಹದಿಮೂರರ ಹುಡುಗ ಒಳಬಂದರಷ್ಟೆ ವಿಧಿ ಮುಂದುವರಿದೀತು. ಜೊತೆಗೆ ಅವನು ತೋರಾ ಗ್ರಂಥದ ಭಾಗವೊಂದನ್ನು ಹೀಬ್ರೂ ಭಾಷೆಯಲ್ಲಿ ಓದಿ, ಅದರ ಮೇಲೆ ಸ್ವಂತ ವ್ಯಾಖ್ಯಾನವನ್ನೂ ಸಭೆಯ ಮುಂದೆ ಹೇಳುವ ವಾಡಿಕೆಯಿದೆ. ಹುಡುಗಿಯರಿಗೆ ಈ ಗೌರವ ದೊರೆತದ್ದು ತಡವಾಗಿ. ಅಮೆರಿಕದಲ್ಲಿ ಮೊದಲ ಬಾತ್ ಮಿಟ್ಜ್ವಾ 1922ರಲ್ಲಿ ನ್ಯೂಯಾರ್ಕಿನಲ್ಲಿ ಜೂಡಿತ್ ಕಪ್ಲಾನ್ ಎಂಬ ಬಾಲಕಿಗೆ ನಡೆಯಿತು. ಸಂಪ್ರದಾಯಸ್ಥ ಪಂಗಡದಲ್ಲಿ ಹತ್ತರ ಲೆಕ್ಕಕ್ಕೆ ಇಂದಿಗೂ ಗಂಡಸರನ್ನು ಮಾತ್ರ ಹಿಡಿಯುತ್ತಾರೆ.

ನಮ್ಮ ಮಕ್ಕಳೂ ವೇದಿಕೆ ಹತ್ತುತ್ತಾರೆ, ಸೊಗಸಾಗಿ ಹಾಡುತ್ತಾರೆ, ಕುಣಿಯುತ್ತಾರೆ. ಆದರೆ ಹದಿನಾಲ್ಕು ವರ್ಷದ ಮಗುವೊಂದು ಬಾರದಿದ್ದರೆ ನಿಂತುಹೋಗುವ ಕಾರ್ಯಕ್ರಮ ನಮ್ಮ ಕೂಟಗಳಲ್ಲಿ ಯಾವುದಿದೆಯೆಂದು ಯೋಚಿಸಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ಹದಿಹರೆಯದಲ್ಲಿ ಮುಂದಿನ ಮೆಟ್ಟಿಲು. ನೆಬ್ರಾಸ್ಕಾದ ಒಮಾಹಾ ನಗರದಲ್ಲಿ 1924ರಲ್ಲಿ ಸ್ಯಾಮ್ ಬೀಬರ್ ಎಂಬ ವಕೀಲರ ಮಾರ್ಗದರ್ಶನದಲ್ಲಿ ಯಹೂದಿ ಹುಡುಗರ ಸಂಘವೊಂದು ಹುಟ್ಟಿತು. ಅದಕ್ಕೆ ಎ.ಝಡ್.ಎ. ಎಂದು ಹೆಸರು. ಹುಡುಗಿಯರ ವಿಭಾಗವೂ ಕೂಡಿ ಬೆಳೆದ ಆ ಸಂಸ್ಥೆ ಇಂದು ಬಿ.ಬಿ.ವೈ.ಓ. ಎಂಬ ಹೆಸರಿನಲ್ಲಿ ಕ್ಲೀವ್‌ಲ್ಯಾಂಡ್ ಸಹಿತ ಅನೇಕ ಊರುಗಳಲ್ಲಿದೆ. ಇದರ ವಿಶೇಷವೆಂದರೆ ಶಾಖೆಗಳನ್ನು ನಡೆಸುವವರು ಹೈಸ್ಕೂಲು ಮಕ್ಕಳೇ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲರನ್ನೂ ಅವರೇ ಚುನಾಯಿಸಿಕೊಳ್ಳುತ್ತಾರೆ, ಅಧಿಕಾರಾವಧಿ ಚಿಕ್ಕದು. ದೊಡ್ಡವರು ಸಲಹೆಗಾರರಾಗಿ ಗೋಡೆಯ ಪಕ್ಕದಲ್ಲಿ ಕುಳಿತಿರುತ್ತಾರೆ. ಹದಿನೈದರ ಖಜಾಂಚಿ ಲೆಕ್ಕ ತಪ್ಪುತ್ತಾನೆ, ಹದಿನಾರರ ಅಧ್ಯಕ್ಷೆ ಸ್ನೇಹಿತೆಯ ವಿರುದ್ಧ ಮತ ಹಾಕಬೇಕಾಗುತ್ತದೆ, ಚುನಾವಣೆಯಲ್ಲಿ ಸೋತವನು ಮರುವಾರದ ಸಭೆಗೂ ಬರಬೇಕಾಗುತ್ತದೆ. ಸೋತ ಮೇಲೂ ಬರುವುದನ್ನು ಹದಿನಾರರಲ್ಲಿ ಕಲಿತವನಿಗೆ ಐವತ್ತರಲ್ಲಿ ಸಂಘ ಒಡೆಯುವ ಆವಶ್ಯಕತೆ ಕಡಮೆಯಾದೀತು ಎಂದು ನನ್ನ ಊಹೆ.

ಇನ್ನು ಮೂವತ್ತರ ಆಸುಪಾಸಿನವರ ವಿಚಾರ. ಇಲ್ಲಿಯೇ ಫೆಡರೇಷನ್ ಗರಡಿಯಾಗುತ್ತದೆಂದು ನಾನು ಹೇಳಿದ್ದು. ಎರಡನೆಯ ಮಹಾಯುದ್ಧದ ನಂತರ ಯೂರೋಪಿನಿಂದ ಬದುಕಿ ಬಂದವರ ಪುನರ್ವಸತಿಗೂ ಇಸ್ರೇಲಿನ ನೆರವಿಗೂ ಅಪಾರ ಹಣ ಬೇಕಾಗಿ, ಅದನ್ನು ಕೂಡಿಸಿದ ತಲೆಮಾರು ವೃದ್ಧಾಪ್ಯದತ್ತ ಸಾಗಿದ್ದಾಗ, ಯುನೈಟೆಡ್ ಜ್ಯೂಯಿಷ್ ಅಪೀಲ್ ಎಂಬ ರಾಷ್ಟ್ರೀಯ ಸಂಸ್ಥೆಯ ಮುಖ್ಯಸ್ಥ ರಬ್ಬಿ ಹರ್ಬರ್ಟ್ ಫ್ರೀಡ್‌ಮನ್ 1960ರ ದಶಕದ ಆರಂಭದಲ್ಲಿ ತರುಣ ನಾಯಕರ ಮಂಡಳಿಯೊಂದನ್ನು ಕಟ್ಟಿದರು. ವಯೋಮಿತಿ ಖಚಿತ, ಅದು ಮುಗಿದೊಡನೆ ಹೊರನಡೆಯಬೇಕು. ಊರೂರಿನ ಫೆಡರೇಷನ್ನುಗಳೂ ತಮ್ಮ ತಮ್ಮ ತರುಣ ವಿಭಾಗಗಳನ್ನು ಬೆಳೆಸಿದುವು. ಅವುಗಳಲ್ಲಿ ಭಾಷಣ ಕೇಳಿಸುವುದು ಸ್ವಲ್ಪ, ಕೆಲಸ ಕೊಡುವುದು ಹೆಚ್ಚು.

ಎರಡು ಬಗೆಯ ಕೆಲಸ. ಮೊದಲನೆಯದು ಕೈಯೊಡ್ಡುವುದು. ಪರಿಚಿತರ ಮನೆಗೆ ಹೋಗಿ ಎದುರಾಎದುರು ಕುಳಿತು ಇಷ್ಟು ಕೊಡಬೇಕೆಂದು ಕೇಳಬೇಕು. ಕೇಳುವ ಮೊದಲು ತಾನು ತನ್ನ ಶಕ್ತ್ಯನುಸಾರ ಕೊಟ್ಟಿರಬೇಕು. ಹೀಬ್ರೂವಿನಲ್ಲಿ ದಾನಕ್ಕಿರುವ ‘ತ್ಸೆದಾಕಾ’ ಎಂಬ ಪದದ ಮೂಲಾರ್ಥ ನ್ಯಾಯ. ಹನ್ನೆರಡನೆಯ ಶತಮಾನದ ಮೈಮೊನಿಡೀಸ್ (ಆತನೂ ವೈದ್ಯನೇ, ಕೈರೋದ ರಾಜಪರಿವಾರಕ್ಕೆ ಚಿಕಿತ್ಸೆ ನೀಡಿದವನು) ದಾನದಲ್ಲಿ ಎಂಟು ಮೆಟ್ಟಿಲುಗಳನ್ನು ಗುರುತಿಸಿ, ಸಾಲವನ್ನೋ ಪಾಲುದಾರಿಕೆಯನ್ನೋ ಉದ್ಯೋಗವನ್ನೋ ಇತ್ತು ಬಡವನನ್ನು ಸ್ವಾವಲಂಬಿಯಾಗಿಸುವುದನ್ನು ಎಲ್ಲಕ್ಕಿಂತ ಮೇಲಿಟ್ಟಿದ್ದಾನೆ. ಇಂಥ ಹಿನ್ನೆಲೆಯಿರುವುದರಿಂದ ಬೇಡುವವನಿಗೆ ನಾಚಿಕೆ ಕಡಮೆ.

ಎರಡನೆಯದು ಹಂಚುವುದು, ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ. ಬಂದ ಹಣವನ್ನು ಹಂಚುವ ಉಪಸಮಿತಿಗಳಲ್ಲಿ ಹಿರಿಯರ ಪಕ್ಕದಲ್ಲಿ ಮೂವತ್ತರ ತರುಣರೂ ಕೂರುತ್ತಾರೆ. ವೃದ್ಧಾಶ್ರಮಕ್ಕೆ ಹೋಗಿ ನೋಡಬೇಕು, ಶಾಲೆಯ ಆಯವ್ಯಯ ಪತ್ರವನ್ನು ಓದಬೇಕು, ಮುಖ್ಯೋಪಾಧ್ಯಾಯರನ್ನು ಪ್ರಶ್ನಿಸಬೇಕು. ಆ ಮೇಲೆ ಮುದುಕರ ಮನೆಗೆ ಊಟ ಕಳುಹಿಸುವ ಯೋಜನೆಗೆ ಹೆಚ್ಚು ಕೊಡುವುದೋ, ಮಕ್ಕಳ ಹೀಬ್ರೂ ಕಲಿಕೆಗೆ ಹೆಚ್ಚು ಕೊಡುವುದೋ ಎಂದು ಮತ ಹಾಕಬೇಕು. ಎರಡೂ ಒಳ್ಳೆಯದೇ, ಹಣ ಮಾತ್ರ ಒಂದಕ್ಕೆ ಸಾಲುವಷ್ಟು. ನನ್ನ ಯಹೂದಿ ಸಹೋದ್ಯೋಗಿಯೊಬ್ಬರು ಇಂಥ ಸಭೆಗೆಂದು ರಾತ್ರಿಪಾಳಿಯನ್ನು ನನ್ನೊಡನೆ ಬದಲಿಸಿಕೊಳ್ಳುತ್ತಿದ್ದ ಕಾಲವೊಂದಿತ್ತು. ಅಷ್ಟೊಂದು ಮಹತ್ತ್ವ ಅದಕ್ಕೇಕೆಂದು ಕೇಳಿದಾಗ ಆತ ಹೇಳಿದ್ದು, ತನ್ನ ಒಂದು ಮತದಿಂದ ಯಾರದೋ ಊಟ ನಿಂತೀತು ಎಂದು.

ವೈದ್ಯಕೀಯ ಶಿಕ್ಷಣ ಪಡೆದವರಿಗೆ ಈ ಕ್ರಮ ಪರಿಚಿತವೆನಿಸುವುದು. ರೆಸಿಡೆನ್ಸಿಯ ಮೊದಲ ವರ್ಷದಲ್ಲಿಯೇ ಇಂಟರ್ನ್ ರಾತ್ರಿ ರೋಗಿಯನ್ನು ಪರೀಕ್ಷಿಸಿ ಔಷಧ ಬರೆಯುತ್ತಾನೆ. ರೋಗಿ ನಿಜವಾದ ರೋಗಿ, ನೋವು ನಿಜವಾದ ನೋವು. ಆದರೆ ಅವನ ಮೇಲೆ ಹಿರಿಯ ರೆಸಿಡೆಂಟರ ಕಣ್ಣಿರುತ್ತದೆ, ಅವರ ಮೇಲೆ ಅಟೆಂಡಿಂಗ್ ವೈದ್ಯರ ಕಣ್ಣಿರುತ್ತದೆ. ವರ್ಷ ಕಳೆದಂತೆ ಹೊಣೆ ಏರುತ್ತದೆ, ಕಾವಲು ಸಡಿಲವಾಗುತ್ತದೆ. ಗ್ರಂಥವನ್ನು ಎಷ್ಟು ಓದಿದರೂ ಈ ರಾತ್ರಿಗಳಿಲ್ಲದೆ ವೈದ್ಯನಾಗಲಾರ. ನಾವಾದರೋ ನಮ್ಮ ತರುಣರಿಗೆ ಕೊಡುವುದೇನು? ಕುರ್ಚಿ ಜೋಡಿಸುವುದು, ಕಾರು ನಿಲ್ಲಿಸುವ ಜಾಗದಲ್ಲಿ ನಿಂತು ದಾರಿ ತೋರಿಸುವುದು, ಧ್ವನಿವರ್ಧಕ ಸರಿಪಡಿಸುವುದು. ಆಸ್ಪತ್ರೆಯಲ್ಲಿ ಎದೆ ಬಗೆದು ಶಸ್ತ್ರಚಿಕಿತ್ಸೆ ಮಾಡುವ ಮಗಳಿಗೆ ಕೂಟದ ಬ್ಯಾಂಕ್ ಖಾತೆಯಲ್ಲಿ ಎಷ್ಟು ಹಣವಿದೆಯೆಂದು ಸಹ ತಿಳಿದಿರುವುದಿಲ್ಲ. ಅವಳು ಬರುವುದಿಲ್ಲವೆಂದು ನಾವು ಮರುಗುತ್ತೇವೆ.

ಹೊಣೆಯೊಡನೆ ಓದೂ ಬೇಕೆಂಬುದನ್ನು ಅವರು ಸ್ವಲ್ಪ ತಡವಾಗಿ ಮನಗಂಡರು. ಹಣ ಕೂಡಿಸುವುದರಲ್ಲಿ ನಿಸ್ಸೀಮರಾದ ಎಷ್ಟೋ ಮುಂದಾಳುಗಳಿಗೆ ತಮ್ಮ ಧರ್ಮಗ್ರಂಥಗಳ ಪರಿಚಯವೇ ಇರಲಿಲ್ಲ. ಇದೇ ಓಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ 1985ರಲ್ಲಿ ವ್ಯಾಪಾರೋದ್ಯಮಿ ಲೆಸ್ಲಿ ವೆಕ್ಸ್‌ನರ್ ಮತ್ತು ಮೇಲೆ ಹೇಳಿದ ರಬ್ಬಿ ಫ್ರೀಡ್‌ಮನ್ ಕೂಡಿ ವೆಕ್ಸ್‌ನರ್ ಹೆರಿಟೇಜ್ ಎಂಬ ಅಧ್ಯಯನ ಕ್ರಮವನ್ನು ಆರಂಭಿಸಿದರು. ಒಂದೊಂದು ಊರಿನಿಂದ ಇಪ್ಪತ್ತರಷ್ಟು ಮಂದಿ, ಮೂವತ್ತರಿಂದ ನಲವತ್ತೈದರೊಳಗಿನವರು, ಎರಡು ವರ್ಷಗಳ ಕಾಲ ಸಂಜೆಯ ಹೊತ್ತು ವಿದ್ವಾಂಸರೊಡನೆ ಕುಳಿತು ಚರಿತ್ರೆ, ಧರ್ಮಗ್ರಂಥ, ಚಿಂತನೆಗಳನ್ನು ಓದಬೇಕು. ವಕೀಲರು, ವೈದ್ಯರು, ವ್ಯಾಪಾರಿಗಳು ಮೋಶೆಯ ಕಥೆಯನ್ನು ಮತ್ತೆ ಓದುತ್ತಾರೆ. ವಿಮೋಚನಕಾಂಡದಲ್ಲಿ ಮೋಶೆ ಬೆಳಗಿನಿಂದ ಸಂಜೆಯವರೆಗೆ ತಾನೊಬ್ಬನೇ ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದುದನ್ನು ಕಂಡು ಅವನ ಮಾವ ಎಚ್ಚರಿಸುತ್ತಾನೆ: ಹೀಗಾದರೆ ನೀನೂ ಬಳಲುವೆ, ಜನರೂ ಬಳಲುವರು, ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಎಂದು ಅಧಿಕಾರಿಗಳನ್ನು ನೇಮಿಸು ಎಂಬುದು ಅವನ ಸಲಹೆಯ ಸಾರ. ಬೇರೆ ಕುಲದಿಂದ ಬಂದ ಮಾವನ ಮಾತನ್ನು ಪ್ರವಾದಿಯಾದವನು ಒಪ್ಪಿ ನಡೆಸಿದ್ದು ನನಗೆ ಬಹಳ ಹಿಡಿಸುತ್ತದೆ.

ಈ ಕ್ರಮಕ್ಕೂ ತೊಡಕುಗಳಿವೆ. ಒಬ್ಬನೇ ದಾನಿಯ ಹೆಸರಿನ ಮೇಲೆ ನಿಂತ ಸಂಸ್ಥೆಗೆ ಅವನ ಖಾಸಗಿ ವ್ಯವಹಾರಗಳ ನೆರಳೂ ತಗಲುತ್ತದೆ. 2019ರ ನಂತರ ವೆಕ್ಸ್‌ನರ್ ಪ್ರತಿಷ್ಠಾನ ಅದನ್ನು ಅನುಭವಿಸಿತು.

ಕ್ಲೀವ್‌ಲ್ಯಾಂಡಿನಲ್ಲಿ ಇನ್ನೊಂದು ಬಲವಿತ್ತು. ಚುನಾಯಿತ ಅಧ್ಯಕ್ಷರು ಬದಲಾಗುತ್ತಿದ್ದರೂ ಸಂಬಳ ಪಡೆಯುವ ಕಾರ್ಯನಿರ್ವಾಹಕರು ದೀರ್ಘಕಾಲ ಉಳಿದರು. ಹೆನ್ರಿ ಝಕರ್ ಅವರು 1940ರ ದಶಕದ ಕೊನೆಯಿಂದ 1975ರವರೆಗೂ, ಸ್ಟೀಫನ್ ಹಾಫ್‌ಮನ್ ಅವರು 1983ರಿಂದ, ನಡುವೆ ಕೆಲವು ವರ್ಷ ರಾಷ್ಟ್ರೀಯ ಸಂಸ್ಥೆಗೆ ಹೋಗಿಬಂದು, 2018ರವರೆಗೂ ಫೆಡರೇಷನ್ನನ್ನು ನಡೆಸಿದರು. ಯಾವ ತರುಣಿ ಯಾವ ಸಮಿತಿಯಲ್ಲಿ ಹೇಗೆ ನಡೆದುಕೊಂಡಳೆಂಬುದನ್ನು ನೆನಪಿಟ್ಟುಕೊಂಡು ಹತ್ತು ವರ್ಷಗಳ ಬಳಿಕ ದೊಡ್ಡ ಹೊಣೆಗೆ ಕರೆಯುವವರು ಇಂಥವರೇ. ನಮ್ಮ ಕೂಟಗಳ ನೆನಪಾದರೋ ಒಬ್ಬರ ಕಾರಿನ ಡಿಕ್ಕಿಯಿಂದ ಇನ್ನೊಬ್ಬರ ಕಾರಿನ ಡಿಕ್ಕಿಗೆ ಸಾಗುವ ಎರಡು ಪೆಟ್ಟಿಗೆಗಳಲ್ಲಿದೆ. ಇದೇ ಊರಿನ ಉದ್ಯಮಿ ಮಾರ್ಟನ್ ಮ್ಯಾಂಡೆಲ್ (2019ರಲ್ಲಿ ತೀರಿಕೊಂಡರು) ಯೋಗ್ಯರನ್ನು ಆರಿಸುವುದೇ ಎಲ್ಲ ಕೆಲಸಗಳಿಗೂ ಮೊದಲ ಕೆಲಸವೆಂದು ಜೀವನವಿಡೀ ಸಾರಿ, ಸಹೋದರರೊಡನೆ ಕೂಡಿ ನಾಯಕತ್ವದ ಶಿಕ್ಷಣಕ್ಕೆಂದು ಇಲ್ಲಿಯೂ ಜೆರೂಸಲೇಮಿನಲ್ಲಿಯೂ ಅಪಾರವಾಗಿ ವೆಚ್ಚಮಾಡಿದರು.

ಇಷ್ಟೆಲ್ಲ ವ್ಯವಸ್ಥೆಯಿದ್ದೂ, ಈ ಊರು ಕಂಡ ಅತ್ಯಂತ ಪರಿಣಾಮಕಾರಿಯಾದ ಮುಂದಾಳುಗಳಲ್ಲಿ ಕೆಲವರು ವ್ಯವಸ್ಥೆಯ ಹೊರಗಿನಿಂದ ಬಂದರೆಂಬುದನ್ನು ಮುಚ್ಚಿಡಬಾರದು. ಕ್ಲೀವ್‌ಲ್ಯಾಂಡಿನ ಯಹೂದಿಗಳಲ್ಲಿ ಬಹುಮಂದಿ ವಾಸಿಸುವುದು ನಗರದ ಪೂರ್ವಭಾಗದಲ್ಲಿ. ಪಶ್ಚಿಮದಲ್ಲಿ, ನಾಸಾದ ಸಂಶೋಧನಾ ಕೇಂದ್ರದ ಸುತ್ತಮುತ್ತ, ಒಂದು ಸಣ್ಣ ಪ್ರಾರ್ಥನಾ ಸಭೆಯಿತ್ತು. ಅದರ ಸದಸ್ಯರಲ್ಲಿ ಲೂಯಿ ರೋಸೆನ್‌ಬ್ಲಮ್ ಎಂಬ ನಾಸಾ ವಿಜ್ಞಾನಿಯೊಬ್ಬರು. ಆಗ ನಲವತ್ತರ ವಯಸ್ಸು. ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಯಹೂದಿ ಸಂಸ್ಥೆಗಳು ಮಾಡಬೇಕಾದಷ್ಟನ್ನು ಮಾಡಲಿಲ್ಲವೆಂಬ ಕೊರಗು ಅವರನ್ನೂ ಅವರ ಗೆಳೆಯರನ್ನೂ ಕಾಡುತ್ತಿತ್ತು. ಸೋವಿಯತ್ ಒಕ್ಕೂಟದಲ್ಲಿ ಯಹೂದಿಗಳಿಗೆ ಧರ್ಮಾಚರಣೆಯೂ ದೇಶ ಬಿಡುವ ಹಕ್ಕೂ ಇಲ್ಲದಿದ್ದಾಗ, ದೊಡ್ಡ ಸಂಸ್ಥೆಗಳು ಜಾಗರೂಕತೆಯಿಂದ ಸುಮ್ಮನಿದ್ದಾಗ, ಈ ಗೆಳೆಯರು 1963ರಲ್ಲಿ ಸೋವಿಯತ್ ಯೆಹೂದ್ಯದ್ವೇಷದ ವಿರುದ್ಧ ಕ್ಲೀವ್‌ಲ್ಯಾಂಡ್ ಸಮಿತಿಯೊಂದನ್ನು ಹುಟ್ಟುಹಾಕಿದರು. ಈ ವಿಷಯಕ್ಕೆಂದೇ ಅಮೆರಿಕದಲ್ಲಿ ಕಟ್ಟಿದ ಸಂಘಟನೆಗಳಲ್ಲಿ ಅದು ತೀರ ಮೊದಲಿನದು. ಹಗಲು ಪ್ರಯೋಗಶಾಲೆ, ರಾತ್ರಿ ಕರಪತ್ರ. ಊರಿನ ಹಿರಿಯ ಸಂಸ್ಥೆಗಳೊಡನೆ ಘರ್ಷಣೆಯೂ ಆಯಿತು. 1970ರಲ್ಲಿ ಊರೂರುಗಳ ಇಂಥ ಸಮಿತಿಗಳ ಒಕ್ಕೂಟ ಸ್ಥಾಪಿತವಾಗಿ ರೋಸೆನ್‌ಬ್ಲಮ್ ಅದರ ಅಧ್ಯಕ್ಷರಾದರು. ದೇಶ ಬಿಡುವ ಹಕ್ಕನ್ನು ವಾಣಿಜ್ಯ ಸೌಲಭ್ಯಕ್ಕೆ ತಳುಕುಹಾಕಿದ ಜಾಕ್ಸನ್-ವ್ಯಾನಿಕ್ ತಿದ್ದುಪಡಿಯನ್ನು 1974ರ ಕೊನೆಯಲ್ಲಿ ಅಮೆರಿಕದ ಸಂಸತ್ತು ಅಂಗೀಕರಿಸಿತು. ಅದರ ಹೆಸರಿನಲ್ಲಿರುವ ಚಾರ್ಲ್ಸ್ ವ್ಯಾನಿಕ್ ಕ್ಲೀವ್‌ಲ್ಯಾಂಡ್ ಪ್ರದೇಶದ ಪ್ರತಿನಿಧಿಯೇ. ಗರಡಿಯಲ್ಲಿ ಸಾಮು ಮಾಡದವರು ಬಂದು ಕುಸ್ತಿ ಗೆದ್ದಾಗ ಅವರಿಗೆ ಬಾಗಿಲು ತೆರೆಯುವುದು ಗರಡಿಯ ಯಜಮಾನರಿಗೆ ಸುಲಭವಲ್ಲ.

ಸೋಲುಗಳೂ ಇವೆ. ದೊಡ್ಡ ಮೊತ್ತ ಕೊಡಬಲ್ಲವರೇ ಮುಂದಿನ ಸಾಲಿಗೆ ಬರುವುದು ಬಹುಕಾಲದ ದೂರು. ಫ್ರೀಡ್‌ಮನ್ನರ ಮಂಡಳಿ ಮೊದಲು ಗಂಡಸರದಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಪ್ಯೂ ಸಂಶೋಧನಾ ಕೇಂದ್ರ 2020ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಹದಿನೆಂಟರಿಂದ ಇಪ್ಪತ್ತೊಂಬತ್ತರ ವಯೋಮಾನದ ಯಹೂದಿಗಳಲ್ಲಿ ಶೇಕಡಾ 40ರಷ್ಟು ಮಂದಿ ತಮಗೆ ಯಾವ ಧರ್ಮವೂ ಇಲ್ಲವೆಂದು ಹೇಳಿಕೊಂಡರು. ಎಲ್ಲ ವಯಸ್ಸಿನವರನ್ನೂ ಕೂಡಿಸಿದರೆ ಆ ಪ್ರಮಾಣ ಶೇಕಡಾ 27. ಇಷ್ಟು ಬಲವಾದ ಸಂಸ್ಥೆಗಳಿದ್ದೂ ಹೀಗೆಂದ ಮೇಲೆ, ನಮ್ಮ ಮಕ್ಕಳು ಕನ್ನಡವನ್ನು ಉಳಿಸಿಕೊಳ್ಳುವರೆಂಬುದಕ್ಕೆ ಯಾವ ಸಮಿತಿಯ ರಚನೆಯೂ ಖಾತರಿ ನೀಡಲಾರದು. ಕೂಟವನ್ನು ನಡೆಸಬಲ್ಲವರನ್ನು ತಯಾರಿಸುವುದು ಒಂದು ಕೆಲಸ, ಕೂಟ ಬೇಕೆನ್ನುವವರನ್ನು ಬೆಳೆಸುವುದು ಇನ್ನೊಂದು. ಇವೆರಡನ್ನೂ ಒಂದೇ ಎಂದು ಎಣಿಸಬಾರದು.

ಕೊನೆಗೆ ಒಂದು ಆಸ್ಪತ್ರೆಯ ಕಥೆ ಹೇಳದೆ ವೈದ್ಯನಾದ ನಾನು ಕೂರಲಾರೆ. 1892ರಲ್ಲಿ ಕ್ಲೀವ್‌ಲ್ಯಾಂಡಿನ ಯಹೂದಿ ತರುಣಿಯರು ಕೆಲವರು ಬಡ ರೋಗಿಗಳ ಶುಶ್ರೂಷೆಗೆಂದು ಸಂಘ ಕಟ್ಟಿಕೊಂಡರು. ಅವರ ದುಡಿಮೆಯಿಂದ ಹುಟ್ಟಿದ್ದು ಮೌಂಟ್ ಸೈನಾಯ್ ಆಸ್ಪತ್ರೆ. 1903ರಲ್ಲಿ ಒಂದು ಮನೆಯಲ್ಲಿ ತೆರೆದು, 1916ರಲ್ಲಿ ದೊಡ್ಡ ಕಟ್ಟಡಕ್ಕೆ ಬಂದಿತು. ಅಮೆರಿಕದ ಅನೇಕ ವೈದ್ಯಕೀಯ ಕಾಲೇಜುಗಳು ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿದ್ದ, ಆಸ್ಪತ್ರೆಗಳು ಯಹೂದಿ ವೈದ್ಯರಿಗೆ ಬಾಗಿಲು ಮುಚ್ಚಿದ್ದ ದಶಕಗಳಲ್ಲಿ ಇಂಥ ಆಸ್ಪತ್ರೆಗಳೇ ಅವರಿಗೆ ಆಸರೆ. ವಿದೇಶಿ ಪದವಿಯ ಕಾಗದ ಹಿಡಿದು ರೆಸಿಡೆನ್ಸಿಗಾಗಿ ಅಲೆದ ನಮ್ಮಂಥವರಿಗೆ ಅದರ ಬೆಲೆ ಬೇಗ ಅರ್ಥವಾಗುತ್ತದೆ. 1990ರ ದಶಕದ ವೇಳೆಗೆ ಆ ಕಟ್ಟುಪಾಡುಗಳು ಅಳಿದಿದ್ದುವು, ಯಹೂದಿ ಕುಟುಂಬಗಳು ಉಪನಗರಗಳಿಗೆ ಹೋಗಿದ್ದುವು, ಸಣ್ಣ ಆಸ್ಪತ್ರೆಗಳಿಗೆ ಆರ್ಥಿಕವಾಗಿ ಉಸಿರುಕಟ್ಟಿತ್ತು. ಅಜ್ಜಿಯರು ಕಟ್ಟಿದ ಆಸ್ಪತ್ರೆಯೆಂದು ಹೇಗಾದರೂ ಹಿಡಿದುಕೊಂಡು ಇರುವ ನಿಧಿಯನ್ನೂ ಕರಗಿಸಬಹುದಾಗಿತ್ತು. ಆಡಳಿತ ಮಂಡಳಿ 1996ರಲ್ಲಿ ಅದನ್ನು ಒಂದು ಖಾಸಗಿ ಸಂಸ್ಥೆಗೆ ಮಾರಿ, ಬಂದ ಹಣದಿಂದ ಆರೋಗ್ಯ ಪ್ರತಿಷ್ಠಾನವೊಂದನ್ನು ಸ್ಥಾಪಿಸಿತು. ಆಸ್ಪತ್ರೆ 2000ದಲ್ಲಿ ಮುಚ್ಚಿತು. ಪ್ರತಿಷ್ಠಾನ ಮಾತ್ರ ಉಳಿದುಕೊಂಡು ನಗರದ ಬಡವರ ಆರೋಗ್ಯ, ಯಹೂದಿ ವೃದ್ಧರ ಆರೈಕೆ, ವೈದ್ಯಕೀಯ ಸಂಶೋಧನೆ ಇವುಗಳಿಗೆ ನೆರವು ನೀಡುತ್ತಿದೆ. ಯಾವುದಕ್ಕೆ ಎಷ್ಟೆಂದು ನಿರ್ಧರಿಸಲು ಅಲ್ಲಿಯೂ ಒಂದು ಮಂಡಳಿ ಕೂರುತ್ತದೆ.